ಹಾಡದೆ ಗತಿಯಿಲ್ಲದವರು

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನನ್ನ ಜೊತೆಯಲ್ಲಿ ನಡೆಯುವ ಮಿತ್ರರೊಬ್ಬರಿದ್ದಾರೆ. ಸೇತುವೆಗಳನ್ನೂ ಕಾಲುವೆಗಳನ್ನೂ ಕಟ್ಟಿಸಿ ನಿವೃತ್ತರಾದವರು. ಲೆಕ್ಕಕ್ಕೆ ಸಿಕ್ಕದ ಯಾವುದರಲ್ಲಿಯೂ ಅವರಿಗೆ ನಂಬಿಕೆ ಕಡಮೆ. 2024ರ ಬೇಸಗೆಯಲ್ಲಿ ಅವರು ಲಂಡನ್ನಿನಲ್ಲಿರುವ ಮಗನ ಮನೆಗೆ ಹೊರಟು ನಿಂತಿದ್ದರು. ಪ್ರಯಾಣಕ್ಕೆ ಇನ್ನೊಂದು ವಾರವಿರುವಾಗ, ಒಂದು ಬೆಳಗ್ಗೆ ನಡೆಯುತ್ತಿದ್ದವರು ನಿಂತು, “ಸ್ವಾಮಿ, ನಿಮ್ಮಿಂದ ಒಂದು ಉಪಕಾರವಾಗಬೇಕಲ್ಲ,” ಎಂದರು. ಅವರ ಸೊಸೆ ಮಾವನವರನ್ನು ನಾಟಕಕ್ಕೆ ಕರೆದುಕೊಂಡು ಹೋಗುವುದಾಗಿ ಹಟ ಹಿಡಿದಿದ್ದಾಳಂತೆ. ಬರಿಯ ನಾಟಕವಲ್ಲ, ರಾಕ್ ಸಂಗೀತದ ನಾಟಕ. ಯಾವುದು ಬೇಕೋ ನೀವೇ ಆರಿಸಿ ಎಂದು ಹೆಸರುಗಳ ಪಟ್ಟಿಯನ್ನೂ ಕಳುಹಿಸಿದ್ದಾಳೆ.

“ತಪ್ಪಿಸಿಕೊಳ್ಳುವುದಕ್ಕೆ ಒಂದು ಮರ್ಯಾದೆಯ ಕಾರಣ ಹೇಳಿಕೊಡಿ. ಮಾತಾಡುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಹಾಡುವುದೇಕೆ ಎಂಬುದು ನನಗೆ ಈ ವಯಸ್ಸಿನವರೆಗೂ ಅರ್ಥವಾಗಿಲ್ಲ. ಚಿಕ್ಕಂದಿನಲ್ಲಿ ಕಂಪೆನಿ ನಾಟಕದಲ್ಲಿ ನೋಡಿದ್ದು ಸಾಲದೆ? ಸತ್ತು ಬಿದ್ದವನು, ಜನ ‘ಒನ್ಸ್ ಮೋರ್’ ಎಂದು ಕೂಗಿದರೆ, ಎದ್ದು ನಿಂತು ಇನ್ನೊಂದು ಸಲ ಹಾಡಿ ಮತ್ತೆ ಸಾಯುತ್ತಿದ್ದ. ಅದಕ್ಕೆ ಈಗ ಕಿವಿ ಒಡೆಯುವ ಡ್ರಮ್ಮನ್ನು ಬೇರೆ ಸೇರಿಸಿದ್ದಾರೆ!”

ನಾನು ತಟ್ಟನೆ ಉತ್ತರ ಕೊಡಲಿಲ್ಲ. ಏಕೆಂದರೆ ಅವರ ಮಾತು ನನ್ನದೇ ಮಾತಾಗಿತ್ತು. 2010ರವರೆಗೆ ನಾನೂ ಹೀಗೆಯೇ ಹೇಳುತ್ತಿದ್ದೆ. ನಮ್ಮ ತಲೆಮಾರಿನ ಓದಿದವರಿಗೆ ನಾಟಕವೆಂದರೆ ಮಾತು. ಕೈಲಾಸಂ, ಶ್ರೀರಂಗರು ಹಾಡಿನ ಹೊರೆಯನ್ನು ಇಳಿಸಿ ನಮ್ಮ ನಿಮ್ಮ ನಡುಮನೆಯನ್ನೇ ರಂಗಕ್ಕೆ ತಂದರೆಂಬುದು ನಮ್ಮ ಹೆಮ್ಮೆ. 1972ರಲ್ಲಿ ಬಿ. ವಿ. ಕಾರಂತರು ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ಆಡಿಸಿ ಹಾಡನ್ನು ಮತ್ತೆ ಕರೆತಂದಾಗ ಆ ಹೆಮ್ಮೆ ಸ್ವಲ್ಪ ಅಲುಗಿತು, ಆದರೆ ಅದು ನಮ್ಮ ಮಣ್ಣಿನ ಮಟ್ಟು, ಕೇಳಿ ಬೆಳೆದ ಧಾಟಿ, ಅದಕ್ಕೆ ಅಡ್ಡಿಯಿಲ್ಲವೆಂದು ಸಮಾಧಾನ ತಂದುಕೊಂಡೆವು. ವಿದ್ಯುತ್ ಗಿಟಾರಿಗೂ ಡ್ರಮ್ಮಿಗೂ ಅಂಥ ರಿಯಾಯಿತಿ ತೋರಿಸಲು ನನಗೆ ಕಾರಣ ಕಾಣಲಿಲ್ಲ. ರಾಕ್ ಎಂದರೆ ಹುಡುಗರು ಬಾಗಿಲು ಹಾಕಿಕೊಂಡು ಕೇಳುವುದು, ಹಿರಿಯರು ಬಾಗಿಲು ತಟ್ಟಿ ನಿಲ್ಲಿಸುವುದು. ಆ ಸಂಗೀತದ ಪರಿಚಯ ನನಗಿದ್ದುದು ಅಷ್ಟೇ.

2010ರ ಬೇಸಗೆಯಲ್ಲಿ ನಾನು ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದೆ. ಒಂದು ದಿನ ಅವಳು, “ಅಪ್ಪ, ನಾಳಿದ್ದು ನ್ಯೂಯಾರ್ಕಿಗೆ ಹೋಗಿ ನಾಟಕ ನೋಡೋಣ. ನೀವು ಬೇಡವೆನ್ನಬಾರದು, ಟಿಕೆಟ್ ತೆಗೆದಾಗಿದೆ,” ಎಂದಳು. ನಾಟಕದ ಹೆಸರು ‘ನೆಕ್ಸ್ಟ್ ಟು ನಾರ್ಮಲ್’. ಅದು ರಾಕ್ ಎಂದು ತಿಳಿದದ್ದು ಹೊರಡುವ ಹೊತ್ತಿಗೆ. ಮಗಳ ಮನಸ್ಸನ್ನು ನೋಯಿಸಲಾರದೆ, ಅವಳಿಗೆ ಕಾಣದಂತೆ ಔಷಧದ ಪೆಟ್ಟಿಗೆಯಿಂದ ಒಂದಿಷ್ಟು ಹತ್ತಿಯನ್ನು ತೆಗೆದು ಎರಡು ಉಂಡೆ ಮಾಡಿ ಕೋಟಿನ ಜೇಬಿನಲ್ಲಿಟ್ಟುಕೊಂಡೆ. ಆ ಸಂಜೆ ಏನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು, ಈ ಜಾತಿಯ ನಾಟಕವನ್ನು ಕಾಣದವರಿಗೆ ಅದರ ಕುಲಗೋತ್ರವನ್ನು ತಿಳಿಸುವುದು ಮೇಲು. ಇದನ್ನೆಲ್ಲ ನಾನು ಆ ಬೇಸಗೆಯ ಉಳಿದ ದಿನಗಳಲ್ಲಿ, ಮಗಳ ಊರಿನ ಪುಸ್ತಕಭಂಡಾರದಲ್ಲಿ ಕುಳಿತು, ವಿದ್ಯಾರ್ಥಿಯಂತೆ ಕಲಿತದ್ದು.

ಅಮೆರಿಕದ ಗೀತನಾಟಕ ಹಳೆಯದು. 1943ರಲ್ಲಿ ಬಂದ ‘ಒಕ್ಲಹೋಮ’ದ ಕಾಲದಿಂದ ಅಲ್ಲಿ ಒಂದು ನಿಯಮ ನೆಲೆಗೊಂಡಿತು: ಹಾಡು ಕಥೆಯನ್ನು ಮುಂದಕ್ಕೆ ಒಯ್ಯಬೇಕು; ಹಾಡು ಮುಗಿಯುವಾಗ ಪಾತ್ರ ಹಾಡಿನ ಆರಂಭದಲ್ಲಿ ನಿಂತಿದ್ದ ಸ್ಥಳದಲ್ಲಿ ಇರಕೂಡದು. ರಾಕ್ ಸಂಗೀತ ಹುಟ್ಟಿದ್ದು 1950ರ ದಶಕದಲ್ಲಿ, ರಂಗಮಂದಿರದಿಂದ ಬಹುದೂರ. ಬ್ರಾಡ್‌ವೇ ಅದನ್ನು ಮೊದಲು ನಗೆಗೆ ಬಳಸಿತು, ಒಳಗೆ ಬಿಟ್ಟುಕೊಳ್ಳಲಿಲ್ಲ. ಬಾಗಿಲು ತೆರೆದದ್ದು ‘ಹೇರ್’. ಜೆರೋಮ್ ರಾಗ್ನಿ ಮತ್ತು ಜೇಮ್ಸ್ ರಾಡೊ ಬರೆದು, ಗಾಲ್ಟ್ ಮ್ಯಾಕ್‌ಡರ್ಮಟ್ ರಾಗ ಹಾಕಿದ ಈ ನಾಟಕ 1967ರಲ್ಲಿ ನ್ಯೂಯಾರ್ಕಿನ ಒಂದು ಹಳೆಯ ಪುಸ್ತಕಾಲಯದ ಕಟ್ಟಡದಲ್ಲಿ, ಅಲ್ಲಿ ಹೊಸದಾಗಿ ನೆಲೆಸಿದ್ದ ಪಬ್ಲಿಕ್ ಥಿಯೇಟರಿನಲ್ಲಿ, ಮೊದಲು ಆಡಿತು. 1968ರ ಏಪ್ರಿಲಿನಲ್ಲಿ ಬ್ರಾಡ್‌ವೇಗೆ ಬಂದು 1,750 ಪ್ರದರ್ಶನಗಳನ್ನು ಕಂಡಿತು. ವಿಯೆಟ್ನಾಮಿನ ಯುದ್ಧಕ್ಕೆ ಕಡ್ಡಾಯವಾಗಿ ಕರೆ ಬಂದ ತರುಣನೊಬ್ಬ ಹೋಗಬೇಕೋ ಬೇಡವೋ ಎಂಬುದೇ ಅದರಲ್ಲಿ ಕಥೆ ಎನ್ನಬಹುದಾದಷ್ಟು ಕಥೆ. ಲಂಡನ್ನಿನಲ್ಲಿ ಅದು ತೆರೆದದ್ದು 1968ರ ಸೆಪ್ಟೆಂಬರ್ 27ರಂದು. ನಾಟಕಗಳನ್ನು ಮೊದಲೇ ಓದಿ ಕತ್ತರಿಸುವ ಅಧಿಕಾರವನ್ನು 1737ರ ಶಾಸನ ಲಾರ್ಡ್ ಚೇಂಬರ್ಲೇನ್ ಎಂಬ ಅರಮನೆಯ ಅಧಿಕಾರಿಗೆ ಕೊಟ್ಟಿತ್ತು. ಆ ಅಧಿಕಾರ ರದ್ದಾದದ್ದು ಹಿಂದಿನ ದಿನವಷ್ಟೆ! ಇತಿಹಾಸದ ದೃಷ್ಟಿಯಿಂದ ‘ಹೇರ್’ ದೊಡ್ಡದು. ಆದರೆ ನಾಟಕಕ್ಕೆ ಹೊಸಬರಾದವರನ್ನು ನಾನು ಮೊದಲು ಅಲ್ಲಿಗೆ ಕಳುಹಿಸಲಾರೆ. ಅದರ ಹಾಡುಗಳು ಇನ್ನೂ ಹಸುರಾಗಿವೆ. ನಡುವಿನ ಆಟಪಾಟಗಳು ಆ ಕಾಲದ ಗೆಳೆಯರ ಬಳಗಕ್ಕೆ ಮಾತ್ರ ತಿಳಿಯುವ ತಮಾಷೆಯಂತೆ ಕಾಣುತ್ತವೆ.

‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ಬೇರೆ ಮಾತು. ಟಿಮ್ ರೈಸ್, ಆಂಡ್ರೂ ಲಾಯ್ಡ್ ವೆಬರ್ ಎಂಬ ಇಬ್ಬರು ಇಂಗ್ಲಿಷ್ ತರುಣರು ಇದನ್ನು 1970ರಲ್ಲಿ ಗ್ರಾಮಫೋನ್ ತಟ್ಟೆಗಳಾಗಿ ಹೊರತಂದರು. ರಂಗಕ್ಕೆ ಏರಿದ್ದು ಮರುವರ್ಷ. ಏಸುವಿನ ಕೊನೆಯ ದಿನಗಳ ಕಥೆ ಇಲ್ಲಿ ಯೂದನ ಕಣ್ಣಿನಿಂದ ಕಾಣುತ್ತದೆ. ಶಿಲುಬೆಯಲ್ಲಿ ಕಥೆ ನಿಲ್ಲುತ್ತದೆ, ಪುನರುತ್ಥಾನವಿಲ್ಲ. ಗುರುವನ್ನು ಅತಿಯಾಗಿ ಪ್ರೀತಿಸಿ, ಗುರು ಜನರ ಜಯಘೋಷಕ್ಕೆ ಸೋಲುತ್ತಿದ್ದಾನೆಂದು ಭಯಪಟ್ಟು, ಕೊನೆಗೆ ಅವನನ್ನು ಹಿಡಿದುಕೊಟ್ಟ ಶಿಷ್ಯ! ಆ ಶಿಷ್ಯನ ಸಂಕಟ ಮೃದುವಾದ ರಾಗದಲ್ಲಿ ಹಿಡಿಸುವಂಥದಲ್ಲ. ಲಂಡನ್ನಿನಲ್ಲಿ ಇದು 1972ರಿಂದ ಎಂಟು ವರ್ಷ ನಡೆಯಿತು. ಕಥೆ ಮೊದಲೇ ತಿಳಿದಿರುವುದರಿಂದ ಹೊಸಬರಿಗೆ ಇದು ಸುಲಭ. ನಮ್ಮ ಪುರಾಣನಾಟಕಗಳನ್ನು ನೋಡುವಂತೆಯೇ, ಏನಾಗುತ್ತದೆಂಬ ಚಿಂತೆಯಿಲ್ಲದೆ, ಹೇಗಾಗುತ್ತದೆಂಬುದನ್ನು ಮಾತ್ರ ನೋಡುತ್ತ ಕುಳಿತಿರಬಹುದು.

ಇವೆರಡೂ ಈಗ ಹಳೆಯವು. ನಮ್ಮ ಕಾಲಕ್ಕೆ ಹತ್ತಿರವಾದ ಗೀತನಾಟಕಗಳ ಸಾಲು ಆರಂಭವಾಗುವುದು ‘ರೆಂಟ್’ನಿಂದ. ಅದರ ಕರ್ತೃ ಜಾನಥನ್ ಲಾರ್ಸನ್ ಹತ್ತು ವರ್ಷದ ಹತ್ತಿರ ನ್ಯೂಯಾರ್ಕಿನ ಒಂದು ಉಪಾಹಾರಗೃಹದಲ್ಲಿ ಮಾಣಿಯಾಗಿ ದುಡಿಯುತ್ತ, ಬಿಡುವಿನಲ್ಲಿ ಬರೆಯುತ್ತ ಬಾಳಿದವನು. ಪುಚ್ಚೀನಿಯ ‘ಲಾ ಬೊಯೆಮ್’ ಎಂಬ ಗೀತನಾಟಕ 1896ರದು. ಪ್ಯಾರಿಸ್ಸಿನ ಬಡ ಕಲಾವಿದರು, ಕ್ಷಯದಿಂದ ಸಾಯುವ ಹುಡುಗಿ. ಲಾರ್ಸನ್ ಅದನ್ನು ನ್ಯೂಯಾರ್ಕಿನ ಪೂರ್ವಭಾಗದ ಓಣಿಗಳಿಗೆ ತಂದು, ಕ್ಷಯದ ಸ್ಥಾನದಲ್ಲಿ ಏಡ್ಸ್ ರೋಗವನ್ನಿಟ್ಟ. ಅವನ ಗೆಳೆಯರು ಕೆಲವರು ಆ ರೋಗಕ್ಕೆ ತುತ್ತಾಗಿದ್ದರು. ನಾಟಕದಲ್ಲಿ ಒಂದು ಸಣ್ಣ ಸಂಗತಿಯುಂಟು: ಗೆಳೆಯರು ಮಾತಿನ ಮಧ್ಯದಲ್ಲಿರುವಾಗ ಜೇಬಿನಲ್ಲಿ ಒಂದು ಯಂತ್ರ ಕೀ ಎನ್ನುತ್ತದೆ, ಮದ್ದಿನ ಹೊತ್ತಾಯಿತೆಂದು. ಮಾತು ನಿಲ್ಲುತ್ತದೆ, ಗುಳಿಗೆ ನುಂಗುತ್ತಾರೆ, ಮಾತು ಮುಂದುವರಿಯುತ್ತದೆ. ಮರಣವನ್ನು ಇಷ್ಟು ನಿತ್ಯದ ಸಂಗತಿಯನ್ನಾಗಿ ತೋರಿಸಿದ ದೃಶ್ಯಗಳನ್ನು ನಾನು ಹೆಚ್ಚು ಕಂಡಿಲ್ಲ.

ಪ್ರೇಕ್ಷಕರ ಮುಂದೆ ಮೊದಲ ಪ್ರದರ್ಶನ ನಡೆಯಬೇಕಾಗಿದ್ದ ದಿನ, 1996ರ ಜನವರಿ 25ರ ಬೆಳಗಿನ ಜಾವ, ಲಾರ್ಸನ್ ತನ್ನ ಅಡುಗೆಮನೆಯಲ್ಲಿ ಕುಸಿದು ಸತ್ತುಹೋದ. ಮಹಾಧಮನಿ ಬಿರಿದಿತ್ತು; ಅದಕ್ಕೆ ಮುಂಚಿನ ದಿನಗಳಲ್ಲಿ ಎದೆನೋವೆಂದು ಎರಡು ಆಸ್ಪತ್ರೆಗಳಿಗೆ ಹೋಗಿದ್ದರೂ ಅದು ಪತ್ತೆಯಾಗಿರಲಿಲ್ಲ. ವಯಸ್ಸು 35. ಆ ಸಂಜೆ ಪ್ರದರ್ಶನವನ್ನು ನಿಲ್ಲಿಸಿ, ಅವನ ಬಂಧುಮಿತ್ರರ ಮುಂದೆ ನಟರು ಸುಮ್ಮನೆ ಕುಳಿತು ಹಾಡುಗಳನ್ನು ಹಾಡುವುದೆಂದು ಗೊತ್ತಾಯಿತು. ಮೊದಲ ಅಂಕದ ಕೊನೆಯ ಹೊತ್ತಿಗೆ ಅವರಿಗೆ ಕೂರಲಾಗಲಿಲ್ಲ. ಎದ್ದರು, ಮೇಜುಗಳ ಮೇಲೆ ಹತ್ತಿದರು, ಉಳಿದದ್ದನ್ನು ಪೂರ್ತಿಯಾಗಿ ಆಡಿಯೇಬಿಟ್ಟರು. ಆ ವರ್ಷದ ಪುಲಿಟ್ಜರ್ ಪಾರಿತೋಷಕ ‘ರೆಂಟ್’ಗೆ ಬಂದಿತು. ಬ್ರಾಡ್‌ವೇಯಲ್ಲಿ ಅದು 2008ರ ಸೆಪ್ಟೆಂಬರಿನವರೆಗೆ 5,123 ಪ್ರದರ್ಶನಗಳನ್ನು ಕಂಡಿತು. ಬಡ ಹುಡುಗರ ಕಥೆಯನ್ನು ಬಡ ಹುಡುಗರೂ ನೋಡಲೆಂದು ಮುಂದಿನ ಎರಡು ಸಾಲುಗಳನ್ನು ಇಪ್ಪತ್ತು ಡಾಲರಿಗೆ ಆಯಾ ದಿನವೇ ಮಾರುತ್ತಿದ್ದರು. ತರುಣರು ಹಿಂದಿನ ರಾತ್ರಿಯೇ ಬಂದು ಕಾಲುದಾರಿಯಲ್ಲಿ ಮಲಗಿರುತ್ತಿದ್ದರಂತೆ.

ಇಷ್ಟಾದರೂ ನಾಟಕ ನಿರ್ದೋಷವೆಂದು ನಾನು ಹೇಳಲಾರೆ. ಪುಚ್ಚೀನಿಯ ಹುಡುಗಿ ಸಾಯುತ್ತಾಳೆ. ಲಾರ್ಸನ್ನನ ಹುಡುಗಿ ಸತ್ತಂತಾಗಿ ಎದ್ದು ಕೂರುತ್ತಾಳೆ. ನನ್ನ ಮಿತ್ರರ ಕಂಪೆನಿ ನಾಟಕದ ಹೆಣಕ್ಕೆ ಇದು ದೂರದ ನಂಟೇ. ಕರ್ತೃ ಬದುಕಿದ್ದರೆ ಈ ಕೊನೆಯನ್ನು ತಿದ್ದುತ್ತಿದ್ದನೋ ಏನೋ! ಆದರೆ ಸಾವು ಸುತ್ತಲೂ ಕುಳಿತಿರುವಾಗ ಒಬ್ಬಳನ್ನಾದರೂ ಉಳಿಸಬೇಕೆನ್ನಿಸಿದ್ದು ಮನುಷ್ಯಸಹಜ. ಅದಕ್ಕಾಗಿ ನಾನು ಅವನೊಡನೆ ಜಗಳಕ್ಕೆ ನಿಲ್ಲುವುದಿಲ್ಲ.

ಈಗ ರಾಕ್ ಸಂಗೀತದ ಮೇಲೆ ರಂಗತಜ್ಞರೇ ಹೊರಿಸುವ ಒಂದು ಆಪಾದನೆಯನ್ನು ಹೇಳಬೇಕು. ಇದು ಗದ್ದಲದ ಆಪಾದನೆಗಿಂತ ಗಟ್ಟಿಯಾದದ್ದು. ರಾಕ್ ಹಾಡು ಒಂದೇ ಭಾವವನ್ನು ಹಿಡಿದು ಸುತ್ತುತ್ತದೆ. ಪಲ್ಲವಿಗೆ ಮತ್ತೆ ಮತ್ತೆ ಬಂದು ಅದನ್ನೇ ಇನ್ನೂ ಗಟ್ಟಿಯಾಗಿ ಹೇಳುತ್ತದೆ. ಹಾಗಿದ್ದಮೇಲೆ ಕಥೆಯನ್ನು ಮುಂದಕ್ಕೆ ಒಯ್ಯುವುದು ಹೇಗೆ? ಮಾತು ಸತ್ಯವೇ. ಈ ಜಾತಿಯ ಅನೇಕ ನಾಟಕಗಳು ಬಿದ್ದುಹೋದದ್ದು ಇದರಿಂದಲೇ. ಇದಕ್ಕೆ ಅತ್ಯಂತ ಜಾಣ ಉತ್ತರವನ್ನು ಕೊಟ್ಟದ್ದು ‘ಸ್ಪ್ರಿಂಗ್ ಅವೇಕನಿಂಗ್’.

ಮೂಲ ನಾಟಕ ಜರ್ಮನಿಯ ಫ್ರಾಂಕ್ ವೆಡೆಕಿಂಡನದು, 1891ರಲ್ಲಿ ಪ್ರಕಟವಾದದ್ದು. ಹರೆಯಕ್ಕೆ ಬರುತ್ತಿರುವ ಹುಡುಗ ಹುಡುಗಿಯರು. ಅವರ ಯಾವ ಪ್ರಶ್ನೆಗೂ ಉತ್ತರ ಕೊಡದ ತಾಯಿತಂದೆಗಳು, ಉಪಾಧ್ಯಾಯರು. ಮಗು ಹೇಗೆ ಹುಟ್ಟುತ್ತದೆಂದು ಮಗಳು ಕೇಳುತ್ತಾಳೆ. ತಾಯಿ ನಾಚಿಕೊಂಡು ಮಾತು ಹಾರಿಸುತ್ತಾಳೆ. ಆ ಒಂದು ಉತ್ತರದ ಕೊರತೆಯಿಂದ ಹುಡುಗಿ ಗರ್ಭಿಣಿಯಾಗಿ, ಗುಟ್ಟಾಗಿ ಗರ್ಭ ಕಳೆಯಲು ಹೋಗಿ ಸಾಯುತ್ತಾಳೆ. ಇನ್ನೊಬ್ಬ ಹುಡುಗ ಶಾಲೆಯಲ್ಲಿ ತೇರ್ಗಡೆಯಾಗದೆ ಪ್ರಾಣ ಕಳೆದುಕೊಳ್ಳುತ್ತಾನೆ. ಪರೀಕ್ಷೆಯ ಫಲಿತಾಂಶದ ಮರುದಿನದ ಪತ್ರಿಕೆಯನ್ನು ಓದುವ ನಮಗೆ ಈ ಹುಡುಗ ಜರ್ಮನಿಯವನಾಗಿ ಕಾಣುವುದಿಲ್ಲ. ನಾಟಕ ರಂಗವನ್ನು ಕಂಡದ್ದೇ 1906ರಲ್ಲಿ, ಬರ್ಲಿನ್ನಿನಲ್ಲಿ. ಅದಾದ ನೂರು ವರ್ಷಕ್ಕೆ, 2006ರಲ್ಲಿ, ಡಂಕನ್ ಶೀಕ್ ಎಂಬ ರಾಕ್ ಗಾಯಕ ಮತ್ತು ಸ್ಟೀವನ್ ಸೇಟರ್ ಎಂಬ ಕವಿ ಇದನ್ನು ಗೀತನಾಟಕವಾಗಿ ಬ್ರಾಡ್‌ವೇಗೆ ತಂದರು.

ಅವರ ಉಪಾಯ ಇದು. ಮಾತಿನ ಭಾಗ ಪೂರ್ತಿ ಹತ್ತೊಂಬತ್ತನೆಯ ಶತಮಾನದ್ದು: ಬಿಗಿಯಾದ ಗುಂಡಿಯ ಕೋಟು, ತಲೆ ತಗ್ಗಿಸಿ ನಿಂತ ಮಕ್ಕಳು. ಲ್ಯಾಟಿನ್ ಪಾಠ ನಡೆಯುತ್ತಿರುತ್ತದೆ, ಉಪಾಧ್ಯಾಯರ ಬೆತ್ತ ಬೀಳುತ್ತದೆ. ಆಗ ಹುಡುಗ ಆ ಬಿಗಿಯಾದ ಕೋಟಿನ ಒಳಜೇಬಿಗೆ ಕೈ ಹಾಕಿ ಈ ಕಾಲದ ಮೈಕನ್ನು ಹೊರಕ್ಕೆ ತೆಗೆಯುತ್ತಾನೆ! ದೀಪ ಬದಲಾಗುತ್ತದೆ, ಗಿಟಾರ್ ಮೊಳಗುತ್ತದೆ, ಅವನು ಎದೆಯಲ್ಲಿದ್ದುದನ್ನೆಲ್ಲ ಹಾಡುತ್ತಾನೆ. ಹಾಡು ಮುಗಿದೊಡನೆ ಮೈಕು ಜೇಬಿಗೆ, ಹುಡುಗ ಬೆಂಚಿಗೆ. ಉಪಾಧ್ಯಾಯರಿಗೆ ಏನೂ ಕೇಳಿಸಿರುವುದಿಲ್ಲ. ಅಂದರೆ ಹಾಡು ಕಥೆಯನ್ನು ಒಂದಂಗುಲವೂ ಮುಂದಕ್ಕೆ ಒಯ್ಯುವುದಿಲ್ಲ. ಒಯ್ಯಲಾಗದಿರುವುದೇ ಅಲ್ಲಿಯ ದುಃಖ. ಹುಡುಗ ಒಂದೇ ಭಾವದಲ್ಲಿ ಸುತ್ತುತ್ತಾನೆ, ಏಕೆಂದರೆ ಹೊರಕ್ಕೆ ದಾರಿಯಿಲ್ಲ. ರಾಕ್ ಸಂಗೀತದ ಕುಂದೇ ನಾಟಕದ ಗುಣವಾಗಿಬಿಟ್ಟಿತು. ದೊಡ್ಡವರ ಪಾತ್ರಗಳನ್ನೆಲ್ಲ ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರೇ ಆಡಿದ್ದೂ ಸೊಗಸಾದ ಯೋಚನೆ. ಮಕ್ಕಳ ಕಣ್ಣಿಗೆ ಹಿರಿಯರೆಲ್ಲ ಒಂದೇ ಮುಖವಷ್ಟೆ?

ಮಿತ್ರರ ಪ್ರಶ್ನೆಗೆ, ಮಾತಾಡುತ್ತಿದ್ದವನು ಹಾಡುವುದೇಕೆ ಎಂಬುದಕ್ಕೆ, ನನಗೆ ದೊರೆತ ಉತ್ತರ ಇದೇ. ಮಾತಿನಲ್ಲಿ ಹೇಳಬಹುದಾದದ್ದನ್ನು ಹಾಡಿದರೆ ಅದು ಅಲಂಕಾರ. ಒನ್ಸ್ ಮೋರಿನ ಸರಕು. ಮಾತಾಡಲು ಅಪ್ಪಣೆಯಿಲ್ಲದವನು, ಮಾತಾಡಿದರೆ ಯಾರೂ ಕೇಳದವನು ಹಾಡಿದರೆ, ಅಲ್ಲಿ ಗದ್ದಲವೂ ನ್ಯಾಯವೇ. ಯಾವ ರಾಕ್ ನಾಟಕವನ್ನು ನೋಡಲು ಹೋದರೂ ನಾನು ಮೊದಲ ಹತ್ತು ನಿಮಿಷ ಇದೊಂದನ್ನೇ ಗಮನಿಸುತ್ತೇನೆ: ಈ ಕೂಗಿಗೆ ಕಾರಣವುಂಟೆ? ಬೂತ್ ಥಿಯೇಟರಿನಲ್ಲಿ ಆ ಸಂಜೆ ಅದು ನನಗೆ ಹೊಳೆಯಿತೆನ್ನುವುದಕ್ಕಿಂತ, ನನ್ನ ತಲೆಯ ಮೇಲೆ ಬಂದು ಬಿದ್ದಿತೆನ್ನಬೇಕು.

ಬೂತ್ ಚಿಕ್ಕ ರಂಗಮಂದಿರ. ಸುಮಾರು ಎಂಟುನೂರು ಆಸನ. ರಂಗದ ಮೇಲೆ ಮೂರು ಅಂತಸ್ತಿನ ಉಕ್ಕಿನ ಚೌಕಟ್ಟು, ಗೋಡೆ ಕಿತ್ತ ಮನೆಯಂತೆ. ವಾದ್ಯಗಾರರು ಹಳ್ಳದಲ್ಲಿ ಅಡಗಿರಲಿಲ್ಲ. ಆ ಚೌಕಟ್ಟಿನಲ್ಲಿಯೇ, ಮನೆಯ ಮಾಳಿಗೆಯ ಬಾಡಿಗೆದಾರರಂತೆ, ಕಣ್ಣಿಗೆ ಕಾಣುವಂತೆ ಕುಳಿತಿದ್ದರು. ಭಾಗವತರನ್ನೂ ಮದ್ದಳೆಯವರನ್ನೂ ರಂಗದ ಮೇಲೆ ನೋಡಿ ಬೆಳೆದವನಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ. ನಾನು ಹತ್ತಿಯ ಉಂಡೆಗಳನ್ನು ಬೆರಳಲ್ಲಿ ಹಿಡಿದುಕೊಂಡೇ ಕುಳಿತೆ. ಪಾತ್ರಗಳು ಆರೇ. ಗಂಡ, ಹೆಂಡತಿ, ಹರೆಯದ ಮಗ, ಮಗಳು, ಮಗಳ ಸ್ನೇಹಿತ. ಇನ್ನೊಬ್ಬನು ಇಬ್ಬರು ವೈದ್ಯರ ಪಾತ್ರವನ್ನೂ ವಹಿಸುತ್ತಾನೆ. ಬೆಳಗಿನ ಹೊತ್ತು. ಎಲ್ಲರೂ ಶಾಲೆಗೆ, ಕೆಲಸಕ್ಕೆ ಹೊರಡುವ ಗಡಿಬಿಡಿ. ಎಲ್ಲ ಸರಿಯಾಗಿದೆಯೆಂಬ ಧಾಟಿಯ ಹಾಡು. ತಾಯಿ ಬುತ್ತಿ ಕಟ್ಟಲು ಬ್ರೆಡ್ಡಿನ ತುಂಡುಗಳನ್ನು ಮೇಜಿನ ಮೇಲೆ ಹರವುತ್ತಾಳೆ. ಮೇಜು ತುಂಬುತ್ತದೆ, ಅವಳು ನಿಲ್ಲಿಸುವುದಿಲ್ಲ. ಕುರ್ಚಿಯ ಮೇಲೆ ಹರವುತ್ತಾಳೆ, ಆಮೇಲೆ ನೆಲದ ಮೇಲೆ. ಮನೆಯವರು ಹಾಡುವುದನ್ನು ನಿಲ್ಲಿಸಿ ನೋಡುತ್ತಾರೆ.

ನನಗೊಬ್ಬ ಅಕ್ಕ ಇದ್ದಳು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು ಮತ್ತೆ ಗಂಡನ ಮನೆಗೆ ಹೋಗಲಿಲ್ಲ. ಒಂದು ದಿನ ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡಲು ಕುಳಿತಳು. ಹೊಸಲಿನ ಮುಂದೆ ಮುಗಿಯಬೇಕಾದದ್ದು ಮುಗಿಯಲಿಲ್ಲ. ಎಳೆ ಎಳೆದುಕೊಂಡು ಬೀದಿಗೆ ಹೋಯಿತು, ಎದುರುಮನೆಯ ಮುಂದೆ ಹೋಯಿತು, ಬೀದಿಯ ಕೊನೆಯ ಬಾವಿಯವರೆಗೂ ಹೋಯಿತು. ಜನ ನಿಂತು ನೋಡಿದರು. ಅಪ್ಪ ಅವಳನ್ನು ಎಬ್ಬಿಸಿ ಕೈ ಹಿಡಿದು ಒಳಕ್ಕೆ ಕರೆತಂದರು. ಆಮೇಲೆ ಅವಳಿದ್ದದ್ದು ಹಿತ್ತಲ ಕಡೆಯ ಕೋಣೆಯಲ್ಲಿ. ನೆಂಟರು ಬಂದರೆ ಆ ಕೋಣೆಯ ಚಿಲಕವನ್ನು ಹೊರಗಿನಿಂದ ಹಾಕುತ್ತಿದ್ದರು. ಯಾರಾದರೂ ಕೇಳಿದರೆ ನಾವು ಮಕ್ಕಳು ಹೇಳಬೇಕಾಗಿದ್ದ ಮಾತು, “ಅಕ್ಕನಿಗೆ ಜ್ವರ.” ಹನ್ನೊಂದು ವರ್ಷ ನಾವು ಜ್ವರವೆಂದೇ ಹೇಳಿದೆವು. ಅವಳು ತೀರಿಕೊಂಡ ಮೇಲೂ ಮನೆಯಲ್ಲಿ ಅವಳ ಮಾತು ಬರಲಿಲ್ಲ. ನನ್ನ ತಂದೆತಾಯಿ ಕೆಟ್ಟವರಲ್ಲ, ತಂಗಿಯರ ಮದುವೆಯಾಗಬೇಕಾಗಿತ್ತು.

ಬ್ರೆಡ್ಡಿನ ತುಂಡುಗಳನ್ನು ನೋಡುತ್ತಿದ್ದ ನನಗೆ ಕಂಡದ್ದು ರಂಗೋಲಿ. ಹತ್ತಿ ಕೈಯಿಂದ ಯಾವಾಗ ಜಾರಿತೋ ತಿಳಿಯಲಿಲ್ಲ.

ಆ ನಾಟಕದ ಮರ್ಮವನ್ನು ಇಲ್ಲಿ ಹೇಳಲಾರೆ. ಮೊದಲ ಅಂಕದಲ್ಲಿ ಒಂದು ಹುಟ್ಟುಹಬ್ಬದ ದೃಶ್ಯ ಬರುತ್ತದೆ, ಅದನ್ನು ತಿಳಿಯದೆಯೇ ನೋಡಬೇಕು. ತಾಯಿಗೆ ಮನೋರೋಗ; ಉಬ್ಬರವಿಳಿತಗಳ ಕಾಯಿಲೆ, ಹದಿನಾರು ವರ್ಷದ ಚಿಕಿತ್ಸೆ. ಗುಳಿಗೆಗಳ ಹೆಸರನ್ನೇ ಪೋಣಿಸಿ ಒಂದು ಹಾಡು ಕಟ್ಟಿದ್ದಾರೆ. ನಗು ಬರುತ್ತದೆ, ನಕ್ಕ ಮೇಲೆ ನಾಚಿಕೆಯಾಗುತ್ತದೆ. ಮೃದುವಾಗಿ ಮಾತಾಡುವ ವೈದ್ಯ ಅವಳ ಕಣ್ಣಿಗೆ ಒಂದು ಕ್ಷಣ ಅಬ್ಬರಿಸುವ ರಾಕ್ ಗಾಯಕನಾಗಿ ಕಾಣುತ್ತಾನೆ, ಮರುಕ್ಷಣ ಮತ್ತೆ ವೈದ್ಯ. ವಿದ್ಯುತ್ ಚಿಕಿತ್ಸೆಯಾದ ಮೇಲೆ ನೋವಿನ ಜೊತೆಗೆ ನೆನಪುಗಳೂ ಅಳಿಸಿಹೋಗುತ್ತವೆ. ಈ ರೋಗವನ್ನು ಕುರಿತು ಗಂಭೀರವಾದ ಗದ್ಯನಾಟಕ ಬರೆಯಬಹುದು. ಅದು ಹೊರಗಿನಿಂದ ನೋಡಿ ಬರೆದದ್ದಾದೀತು. ತಲೆಯ ಒಳಗಿನ ಗದ್ದಲವನ್ನು ಕೇಳಿಸಬೇಕಾದರೆ ಗದ್ದಲವೇ ಬೇಕು. ಗಂಡ ‘ನಾವು ಚೆನ್ನಾಗಿದ್ದೇವೆ’ ಎಂಬುದನ್ನೇ ಹಿಡಿದುಕೊಂಡು ಬಾಳುವ ಒಳ್ಳೆಯ ಮನುಷ್ಯ; ಅವನು ನನ್ನ ತಂದೆ. ತನ್ನನ್ನು ಯಾರೂ ನೋಡುವುದಿಲ್ಲವೆಂದು ಮನೆಯಲ್ಲಿ ಬೆಳೆಯುವ ಮಗಳ ಪಾತ್ರವಂತೂ ಇಡೀ ನಾಟಕದಲ್ಲಿ ಶ್ರೇಷ್ಠ.

ಇದನ್ನು ಬರೆದ ಬ್ರಯಾನ್ ಯಾರ್ಕಿ ಮತ್ತು ರಾಗ ಹಾಕಿದ ಟಾಮ್ ಕಿಟ್ 1998ರಲ್ಲಿ ಹತ್ತು ನಿಮಿಷದ ಒಂದು ಸಣ್ಣ ರೂಪಕವಾಗಿ ಆರಂಭಿಸಿದ್ದರು. ವಿದ್ಯುತ್ ಚಿಕಿತ್ಸೆಯನ್ನು ಕುರಿತ ಅಣಕ ಅದು. ಹತ್ತು ವರ್ಷ ತಿದ್ದಿದರು. 2008ರಲ್ಲಿ ಚಿಕ್ಕ ರಂಗಮಂದಿರವೊಂದರಲ್ಲಿ ಆಡಿದಾಗ ಅಣಕವೂ ಅಳುವೂ ಹೊಂದಲಿಲ್ಲವೆಂಬ ಟೀಕೆ ಬಂತು. ತಮಾಷೆಯ ಹಾಡುಗಳನ್ನು ಕಿತ್ತುಹಾಕಿ, ವಾಷಿಂಗ್ಟನ್ನಿನಲ್ಲಿ ಮತ್ತೆ ಆಡಿಸಿ, 2009ರಲ್ಲಿ ಬ್ರಾಡ್‌ವೇಗೆ ತಂದರು. ನಿರ್ದೇಶಕ, ‘ರೆಂಟ್’ ಆಡಿಸಿದ ಮೈಕೆಲ್ ಗ್ರೈಫ್. 2010ರ ಪುಲಿಟ್ಜರ್ ಇದಕ್ಕೆ ಬಂದಿತು. ಜನ ಮೆಚ್ಚಿದ ಹಾಡನ್ನು ತೆಗೆದುಹಾಕುವ ಧೈರ್ಯ ನಮ್ಮ ಎಷ್ಟು ಮಂದಿ ನಾಟಕಕಾರರಿಗುಂಟು?

ಹಿಂದಿರುಗುವಾಗ ರೈಲಿನಲ್ಲಿ ಮಗಳು, “ಸದ್ದು ಜಾಸ್ತಿಯಾಯಿತೆ, ಅಪ್ಪ?” ಎಂದಳು. ಇಲ್ಲವೆಂದೆ. ನದಿಯ ಅಡಿಯ ಸುರಂಗವನ್ನು ದಾಟಿ ಬಯಲಿಗೆ ಬಂದ ಮೇಲೆ, “ನಿನಗೆ ಒಬ್ಬಳು ದೊಡ್ಡತ್ತೆ ಇದ್ದಳು,” ಎಂದು ಆರಂಭಿಸಿದೆ. ಅವಳಿಗೆ ಆಗ ಮೂವತ್ತಾರು ವರ್ಷ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಅವಳು ಕೇಳಿರದ ಮಾತು. ನಮ್ಮ ನಿಲ್ದಾಣ ಬರುವವರೆಗೂ ಹೇಳಿದೆ. ಅವಳು ನಡುವೆ ಕೇಳಿದ್ದು ಒಂದೇ ಪ್ರಶ್ನೆ, “ಅವರ ಹೆಸರೇನು?” ಹೆಸರನ್ನು ಹೇಳಬೇಕಾದರೆ ನಾನು ಸ್ವಲ್ಪ ತಡೆಯಬೇಕಾಯಿತು.

ಇದನ್ನೆಲ್ಲ ನನ್ನ ಮಿತ್ರರಿಗೆ ಏರಿಯ ಮೇಲೆ ಹೇಳಲಿಲ್ಲ. ಹೇಳಿದ್ದು ಲೌಕಿಕವಾದ ನಾಲ್ಕು ಮಾತು. ಮುಂದಿನ ಸಾಲಿನಲ್ಲಿ ಕೂರಬೇಡಿ, ಧ್ವನಿವರ್ಧಕದ ನೇರಕ್ಕೂ ಬೇಡ. ನಡುವಿನ ಸಾಲುಗಳಲ್ಲಿ ಡ್ರಮ್ಮಿನ ಕೆಳಗೆ ಮಾತು ಮುಳುಗುವುದಿಲ್ಲ. ಒಂದು ಗಾಯಕಮೇಳದ ಹಳೆಯ ಜನಪ್ರಿಯ ಹಾಡುಗಳನ್ನು ಆಯ್ದು ನಡುವೆ ಕಥೆಯ ದಾರ ಪೋಣಿಸಿದ ನಾಟಕಗಳು ಈಗ ಬಹಳ. ಆ ಹಾಡುಗಳನ್ನು ಪ್ರಾಯದಲ್ಲಿ ಕೇಳಿ ಸಂತೋಷಪಟ್ಟವರಿಗೆ ಅವು ಹಬ್ಬ, ನಿಮಗೆ ನನಗೆ ಅಲ್ಲ. ಗ್ರೀನ್ ಡೇ ಮೇಳದ ‘ಅಮೆರಿಕನ್ ಇಡಿಯಟ್’ 2009ರಲ್ಲಿ ರಂಗವೇರಿತು. ಅದರಲ್ಲಿ ಆವೇಶ ಬೇಕಾದಷ್ಟು, ಮನುಷ್ಯರು ಕಡಮೆ. ‘ಸಿಕ್ಸ್’ ಎಂಬುದು ಎಂಟನೆಯ ಹೆನ್ರಿಯ ಆರು ಮಂದಿ ಹೆಂಡಿರು ಮೈಕು ಹಿಡಿದು ತಮ್ಮ ತಮ್ಮ ಪಾಡನ್ನು ಹೇಳಿಕೊಳ್ಳುವ ಕಚೇರಿ. ಎಂಬತ್ತು ನಿಮಿಷದಲ್ಲಿ ಮುಗಿಯುತ್ತದೆ, ಮಧ್ಯೆ ವಿರಾಮವಿಲ್ಲ. ಮೊಮ್ಮಕ್ಕಳ ಜೊತೆಗೆ ಹೋಗುವವರಿಗೆ ಅದು ಒಳ್ಳೆಯದು, ಮನಸ್ಸಿಗೆ ಭಾರವಾಗದು.

ಗದ್ದಲಕ್ಕೆ ನಿಜವಾಗಿಯೂ ಅಂಜುವವರು ಮೊದಲು ‘ಹೇಡ್ಸ್‌ಟೌನ್’ ನೋಡುವುದು ವಾಸಿ. ಅನೈಸ್ ಮಿ‌ಚೆಲ್ ಎಂಬಾಕೆ 2006ರಲ್ಲಿ ತನ್ನ ಊರಾದ ವರ್ಮಾಂಟಿನಲ್ಲಿ ನೆರೆಹೊರೆಯವರನ್ನು ಕೂಡಿಸಿಕೊಂಡು ಆರಂಭಿಸಿದ ಈ ನಾಟಕ 2019ರಲ್ಲಿ ಬ್ರಾಡ್‌ವೇ ಮುಟ್ಟಿತು. ಶುದ್ಧ ರಾಕ್ ಎನ್ನಲಾಗದು; ಜಾನಪದ ಧಾಟಿ, ಜಾಸ್, ಒಂದು ತುಂಟ ಟ್ರಾಂಬೋನು. ಸತ್ತ ಹೆಂಡತಿಯನ್ನು ಯಮಲೋಕದಿಂದ ಹಾಡಿನ ಬಲದಿಂದ ಬಿಡಿಸಿಕೊಂಡು ಬರಲು ಹೋಗುವ ಗ್ರೀಕರ ಆರ್ಫಿಯಸ್ಸನ ಕಥೆ. ನಮ್ಮ ಸಾವಿತ್ರಿ ಮಾತಿನಿಂದ ಗೆದ್ದಳು. ಈತ ಹಾಡಿನಿಂದ ಗೆದ್ದು, ಹಿಂದಿರುಗಿ ನೋಡಿ ಸೋತ. ಕಥೆ ಹಾಡುಗಾರನದೇ ಆದ್ದರಿಂದ, ಹಾಡುವುದೇಕೆ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಮಿತ್ರರು ಎಲ್ಲವನ್ನೂ ಕೇಳಿಸಿಕೊಂಡು, ಸೊಸೆಯ ಪಟ್ಟಿಯನ್ನು ಜೇಬಿನಿಂದ ತೆಗೆದು, ನನಗೆ ಯಾವುದು ಇಷ್ಟವೆಂದು ಕೇಳಿದರು. ‘ನೆಕ್ಸ್ಟ್ ಟು ನಾರ್ಮಲ್’ ಆ ಬೇಸಗೆಯಲ್ಲಿ ಲಂಡನ್ನಿನ ವಿಂಡಮ್ಸ್ ಥಿಯೇಟರಿನಲ್ಲಿ ನಡೆಯುತ್ತಿತ್ತು. ನಾನು ಬೆರಳಿಟ್ಟು ತೋರಿಸಿದೆ, ಏಕೆಂದು ಹೇಳಲಿಲ್ಲ.

ಅವರು ಹಿಂದಿರುಗಿದ್ದು ದಸರೆಯ ಹೊತ್ತಿಗೆ. ಮೊದಲ ದಿನ ಏರಿಯ ಮೇಲೆ ಲಂಡನ್ನಿನ ಸೇತುವೆಗಳ ವಿಚಾರವೇ ಆಯಿತು. ಎರಡನೆಯ ಸುತ್ತಿಗೆ ಹೊರಟಾಗ ನಾನೇ ನಾಟಕದ ಮಾತೆತ್ತಿದೆ.

“ಹಾಡುಗಳು ಹೆಚ್ಚಾದುವು,” ಎಂದರು. “ಟಿಕೆಟ್ಟಿನ ಬೆಲೆ ಸೊಸೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಡ್ರಮ್ ಬಾರಿಸುವವನಿಗೆ ಯಾರಾದರೂ ಬುದ್ಧಿ ಹೇಳಬೇಕು.” ಅಷ್ಟು ಹೇಳಿ ಸುಮ್ಮನಾದರು. ನೀರಹಕ್ಕಿಗಳು ಕೂಗುವ ಮೂಲೆಯನ್ನು ದಾಟಿ ಬಹಳ ದೂರ ಬಂದ ಮೇಲೆ, ನನ್ನ ಕಡೆ ನೋಡದೆಯೇ ಅಂದರು:

“ಆ ಗಂಡ ನೆಲ ಒರೆಸುತ್ತ ಒಬ್ಬನೇ ಹಾಡುತ್ತಾನಲ್ಲ, ನೆನಪಿದೆಯೆ? ಅದನ್ನು ಇನ್ನೊಂದು ಸಲ ಹಾಡಿಸಬಹುದಾಗಿತ್ತು.”